ಬೀ

ಚೀನೀ ವೈದ್ಯದಲ್ಲಿ ಕೀಲುನೋವಿನ ಕಾಯಿಲೆಗಳಿಗಿರುವ ಹಳೆಯ ಹೆಸರು ‘ಬೀ’. ಉಚ್ಚಾರ ನಮ್ಮ ‘ಪೀ’ಗೆ ಹತ್ತಿರ. ಅದನ್ನು ಬರೆಯುವ ಚೀನೀ ಅಕ್ಷರದ ಹೊರಭಾಗ ರೋಗವನ್ನು ಸೂಚಿಸಿದರೆ ಒಳಭಾಗ ಉಚ್ಚಾರವನ್ನು ತಿಳಿಸುತ್ತದೆ. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ‘ಹುವಾಂಗ್‌ದಿ ನೇಯ್‌ಜಿಂಗ್’ ಎಂಬ ವೈದ್ಯಗ್ರಂಥದಲ್ಲಿ ಬೀಗೆಂದೇ ಒಂದು ಅಧ್ಯಾಯವಿದೆ. ಗಾಳಿ, ಚಳಿ, ತೇವ ಒಟ್ಟಾಗಿ ಮೈಹೊಕ್ಕರೆ ಬೀ ಹುಟ್ಟುತ್ತದೆ ಎಂಬುದು ಅಲ್ಲಿನ ವಿವರಣೆ. ಗಾಳಿ ಮೇಲುಗೈಯಾದರೆ ನೋವು ಕೀಲಿನಿಂದ ಕೀಲಿಗೆ ಅಲೆಯುತ್ತದೆ, ಚಳಿಯಾದರೆ ಕಟುವಾಗುತ್ತದೆ, ತೇವವಾದರೆ ಒಂದೇ ಕಡೆ ಭಾರವಾಗಿ ಕೂರುತ್ತದೆ. ಕೀಲು ಹಿಡಿದರೆ ‘ವಾಯು’ ಎನ್ನುವ ನಮ್ಮ ಹಿರಿಯರಿಗೆ ಇದು ತೀರಾ ಹೊಸತೆನಿಸದು. ಇಂದಿನ ಚೀನೀ ಮಾತಿನಲ್ಲೂ ಈ ಪದ ಉಳಿದಿದೆ: ‘ಮಾಬೀ’ ಎಂದರೆ ಮರಗಟ್ಟುವಿಕೆ.

ಈ ಪ್ರಾಚೀನ ಪದವೀಗ ಕಂಪ್ಯೂಟರ್ ಅಧ್ಯಯನಗಳಲ್ಲೂ ಕಾಣಿಸುತ್ತದೆ. 2007ರಲ್ಲಿ ವಿಜ್ಞಾನಿ ಆಂಡ್ರ್ಯೂ ಹಾಪ್ಕಿನ್ಸ್ ಚಲಾವಣೆಗೆ ತಂದ ‘ನೆಟ್‌ವರ್ಕ್ ಫಾರ್ಮಕಾಲಜಿ’, ಅಂದರೆ ಔಷಧಕ್ಕೂ ದೇಹದ ಪ್ರೋಟೀನುಗಳಿಗೂ ಇರುವ ನಂಟನ್ನು ಜಾಲವಾಗಿ ನೋಡುವ ವಿಧಾನ, ಚೀನಾದಲ್ಲಿ ಹುಲುಸಾಗಿ ಬೆಳೆಯಿತು. ಬೀಗೆ ಕೊಡುವ ‘ಲೇಗುಂಗ್‌ಥಂಗ್’, ಅಂದರೆ ಗುಡುಗುದೇವನ ಬಳ್ಳಿಯನ್ನೇ ನೋಡಿ. ಅದರ ಟ್ರಿಪ್ಟೊಲೈಡ್‌ನಂಥ ರಾಸಾಯನಿಕಗಳು ಉರಿಯೂತದ ಯಾವ ಪ್ರೋಟೀನುಗಳಿಗೆ ಅಂಟಬಲ್ಲವೆಂದು ದತ್ತಕೋಶಗಳಿಂದ ಲೆಕ್ಕಹಾಕಿ ಸಂಶೋಧಕರು ಆ ನಂಟಿನ ಜಾಲವನ್ನು ಚಿತ್ರಿಸುತ್ತಾರೆ. ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ಪ್ರೋಟೀನುಗಳು ಅಲ್ಲಿ ಮತ್ತೆಮತ್ತೆ ಬರುವ ಹೆಸರುಗಳು. ಇದು ಊಹೆಗೆ ದಿಕ್ಕು ತೋರುವ ಕೆಲಸ, ಪುರಾವೆಯಲ್ಲ. ಈ ಬಳ್ಳಿ ಯಕೃತ್ತಿಗೂ ಸಂತಾನಶಕ್ತಿಗೂ ಹಾನಿ ಮಾಡಬಲ್ಲದು, ಹಾಗಾಗಿ ಎಚ್ಚರ ಬೇಕೇ ಬೇಕು. ನನಗೆ ಮುಖ್ಯವೆನಿಸುವ ತೊಡಕು ಇನ್ನೊಂದು: ಲೆಕ್ಕಕ್ಕೆ ಸಿಗುವುದು ಹೆಚ್ಚಾಗಿ ‘ರುಮಟಾಯ್ಡ್ ಸಂಧಿವಾತ’ದ ಜೀನ್ ಪಟ್ಟಿ. ಬೀ ಅದಕ್ಕಿಂತ ವಿಶಾಲ. ಗೌಟ್, ಸವೆದ ಮಂಡಿ ಎಲ್ಲವೂ ಅದರೊಳಗೆ ಬರುತ್ತವೆ.