ಹಲಸೂರು ಕೆರೆಯ ಡಯಾಟಮ್, ಶರಾವತಿ ಕಣಿವೆಯ ಸಿಂಗಳೀಕ

ಕೆರೆಯಂಚಿನ ಕಲ್ಲಿಗೆ ಅಂಟುವ ಕಂದು ಲೋಳೆ ಡಯಾಟಮ್‌ಗಳ ಮನೆ. ಒಂದೇ ಜೀವಕೋಶದ ಈ ಪಾಚಿ ನೀರಿನಲ್ಲಿ ಕರಗಿರುವ ಸಿಲಿಕಾ ಹೀರಿ ತನ್ನ ಸುತ್ತ ಗಾಜಿನ ಡಬ್ಬಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮುಚ್ಚಳವೂ ಉಂಟು. ಎಂಥ ಕುಸುರಿ! ಯಾವ ಜಾತಿ ಹೆಚ್ಚಿದೆ ಎಂಬುದರಿಂದ ನೀರಿನ ಆರೋಗ್ಯ ತಿಳಿಯುತ್ತದೆ: ನಿಟ್ಷಿಯಾ ಪಾಲಿಯಾ ಎಂಬ ಜಾತಿ ಕೊಳಚೆಯನ್ನೂ ತಾಳುತ್ತದೆ, ಮೀನು ತಾಳದು. 2016ರ ಮಾರ್ಚ್‌ನಲ್ಲಿ ಈ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು.

ಡಯಾಟಮ್ ನೀರಿನ ಆರೋಗ್ಯ ಹೇಳಿದರೆ, ಪಶ್ಚಿಮ ಘಟ್ಟದ ಸಿಂಗಳೀಕ ಎಂಬ ಕೋತಿ ಕಾಡಿನ ಆರೋಗ್ಯ ಹೇಳುತ್ತದೆ. ಕೊಂಬೆಗೆ ಕೊಂಬೆ ಕೂಡಿದ ನಿತ್ಯಹರಿದ್ವರ್ಣ ಕಾಡೇ ಅದಕ್ಕೆ ಬೇಕು. ಡಯಾಟಮ್ ಇಬ್ಭಾಗವಾಗಿ ಬೇಗ ಹೆಚ್ಚುತ್ತದೆ. ಆದರೆ ಸಿಂಗಳೀಕ ಹೆರುವುದು ಎರಡು-ಮೂರು ವರ್ಷಕ್ಕೊಂದು ಮರಿ. ಅಳಿವಿನಂಚಿನ ಈ ಕೋತಿಯ ಹೆಸರಿನಲ್ಲಿ 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯ ವಿಸ್ತರಣೆಗೊಂಡಿತು. ಇಲ್ಲಿಯ ಡಯಾಟಮ್‌ಗೆ ಅಭಯಾರಣ್ಯವಾಗಿರುವುದು ಈ ಕೆರೆಯೇ. ದಯವಿಟ್ಟು ನೀರಿಗೆ ಕಸ, ಪೂಜೆಯ ಹೂಹಾರ ಎಸೆಯಬೇಡಿ.