ಫಡ್ಕೆ ರಸ್ತೆಯ ಯುಗಾದಿ ಮೆರವಣಿಗೆ

ಯುಗಾದಿಯ ಬೆಳಗ್ಗೆ ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಫಡ್ಕೆ ರಸ್ತೆಯಲ್ಲಿ ರಿಕ್ಷಾಗಳಿಗೆ ಜಾಗವಿಲ್ಲ. ನೆಲದ ತುಂಬ ರಂಗೋಲಿ, ಕಿವಿಯ ತುಂಬ ಢೋಲ್-ತಾಶಾ. ಗಣಪತಿಯ ಪಲ್ಲಕ್ಕಿಯ ಜೊತೆ ಲೇಜಿಮ್ ತಂಡಗಳು, ಶಾಲಾಮಕ್ಕಳು, ಸಂಘಸಂಸ್ಥೆಗಳ ಚಿತ್ರರಥಗಳು ಸಾಗುತ್ತವೆ. ಒಂಬತ್ತು ಗಜದ ಸೀರೆಯುಟ್ಟು, ತಲೆಗೆ ಪೇಟ ಸುತ್ತಿಕೊಂಡ ಹೆಂಗಸರು ಬೈಕ್ ಏರಿ ಬರುತ್ತಾರೆ.

ನೋಡಿದವರಿಗೆ ಇದು ತಲೆತಲಾಂತರದ ಆಚರಣೆ ಅನ್ನಿಸೀತು. ಆದರೆ ಶುರುವಾದದ್ದು 1999ರಲ್ಲಿ.

ಮರಾಠಿಗರ ಯುಗಾದಿಯಾದ ಗುಡಿಪಾಡ್ವದಂದು ಮನೆಮನೆಯಲ್ಲಿ ಗುಡಿ (ಅಲಂಕರಿಸಿದ ಕೋಲು) ಏರಿಸಿ ಸುಮ್ಮನಾಗುವ ಬದಲು ಊರೆಲ್ಲ ಒಟ್ಟಾಗಿ ಹೊಸ ವರ್ಷವನ್ನು ಬರಮಾಡಿಕೊಳ್ಳಲಿ ಎಂಬ ಕಲ್ಪನೆ ಡೊಂಬಿವಲಿಯ ಆಬಾಸಾಹೇಬ್ ಪಟವಾರಿ ಅವರದು. ಅದನ್ನು ಕೈಗೆತ್ತಿಕೊಂಡದ್ದು 1924ರಲ್ಲಿ ಸ್ಥಾಪನೆಯಾದ ಊರಿನ ಗಣೇಶ ಮಂದಿರ ಸಂಸ್ಥಾನ. ಇಲ್ಲಿ ಹುಟ್ಟಿದ ಸ್ವಾಗತ ಯಾತ್ರೆ ಠಾಣೆ, ಕಲ್ಯಾಣ, ಗಿರ್‌ಗಾಂವ್‌ಗಳಿಗೆ ಹಬ್ಬಿತು. ಠಾಣೆಯಲ್ಲಿ ಅದರ ಕೇಂದ್ರ ಕೌಪಿನೇಶ್ವರ ದೇವಸ್ಥಾನ.

ಡೊಂಬಿವಲಿಯಲ್ಲೇ ಇದು ಮೊಳೆತದ್ದಕ್ಕೆ ಊರಿನ ಇತಿಹಾಸದಲ್ಲೇ ಕಾರಣವಿದೆ. ಮುಂಬಯಿಯ ಬೋರಿಬಂದರ್‌ನಿಂದ ಠಾಣೆಗೆ 1853ರಲ್ಲಿ ಓಡಿದ ರೈಲು ಮರುವರ್ಷವೇ ಕಲ್ಯಾಣ ಮುಟ್ಟಿತು. ಆ ಹಳಿಯ ಪಕ್ಕದ ಹಳ್ಳಿಯಾಗಿದ್ದ ಡೊಂಬಿವಲಿಗೆ ಕಾಲಕ್ರಮೇಣ ಗಿರ್‌ಗಾಂವ್, ದಾದರ್‌ಗಳ ಚಾಳುಗಳಲ್ಲಿ ಜಾಗ ಸಾಲದ ಸಂಸಾರಗಳು ಬಂದು ನೆಲೆಸಿದವು. ಬೆಳಗಿನ ಲೋಕಲ್ ಹಿಡಿದು ಹೋಗಿ ರಾತ್ರಿ ಮರಳುವವರಿಗೆ ಊರು ನಿದ್ದೆಗಷ್ಟೇ ಆಗಿಬಿಡುವ ಅಪಾಯವಿತ್ತು. ವರ್ಷಕ್ಕೊಂದು ಬೆಳಗ್ಗೆ ಬೀದಿಗಿಳಿದು ನಡೆದಾಗ ಪಕ್ಕದ ಕಟ್ಟಡದವರ ಮುಖ ಪರಿಚಯವಾಯಿತು, ಬೀದಿ ತಮ್ಮದಾಯಿತು.

ವಲಸಿಗರು ಹೀಗೆ ಊರನ್ನು ತಮ್ಮದಾಗಿಸಿಕೊಂಡ ಇನ್ನೊಂದು ನಿದರ್ಶನ ಲಂಡನ್ನಿನಲ್ಲಿದೆ. ನಾಟಿಂಗ್ ಹಿಲ್‌ನಲ್ಲಿ 1958ರಲ್ಲಿ ಕೆರಿಬಿಯನ್ ವಲಸಿಗರ ಮೇಲೆ ಜನಾಂಗೀಯ ದಾಳಿಗಳು ನಡೆದವು. ಟ್ರಿನಿಡಾಡ್ ಮೂಲದ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ 1959ರ ಜನವರಿಯಲ್ಲಿ ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲ್‌ನಲ್ಲಿ ಕಾರ್ನಿವಲ್ ಏರ್ಪಡಿಸಿ ಅದಕ್ಕೆ ಉತ್ತರ ಕೊಟ್ಟರು. 1966ರಲ್ಲಿ ನಾಟಿಂಗ್ ಹಿಲ್‌ನಲ್ಲಿ ರೋನ್ ಲಾಸ್ಲೆಟ್ ನಡೆಸಿದ ಉತ್ಸವದಲ್ಲಿ ಸ್ಟೀಲ್ ಡ್ರಮ್ಮುಗಳು ಬೀದಿಗಿಳಿದವು. ಎಣ್ಣೆಯ ಪೀಪಾಯಿಗಳಿಂದ ಟ್ರಿನಿಡಾಡಿನ ಬಡವರು ರೂಪಿಸಿದ ಆ ವಾದ್ಯದ ನಾದಕ್ಕೆ ಈಗ ಪ್ರತಿ ಆಗಸ್ಟ್ ಕೊನೆಯಲ್ಲಿ ಲಕ್ಷಾಂತರ ಜನ ಹೆಜ್ಜೆ ಹಾಕುತ್ತಾರೆ. ಡೊಂಬಿವಲಿಯವರು ಅಂಥ ದಾಳಿಗಳನ್ನು ಕಂಡವರಲ್ಲ. ಆದರೂ ದೂರದಿಂದ ಬಂದವರು ಒಟ್ಟಾಗಿ ನಡೆಯುವ ಹಂಬಲ ಎರಡೂ ಕಡೆ ಒಂದೇ.

2020ರ ಮಾರ್ಚ್ 25ರಂದು ಯುಗಾದಿಯೂ ದೇಶದ ಲಾಕ್‌ಡೌನಿನ ಮೊದಲ ದಿನವೂ ಕೂಡಿಬಂದವು. ಆ ವರ್ಷ, ಮರುವರ್ಷ ಫಡ್ಕೆ ರಸ್ತೆಯಲ್ಲಿ ಯಾತ್ರೆಯಿಲ್ಲ. 2022ರಲ್ಲಿ ಢೋಲು ಮತ್ತೆ ಮೊಳಗಿತು.

ಈ ಊರಿಗೆ ಬಂದು ನೆಲೆಸಿದವರಲ್ಲಿ ಕನ್ನಡಿಗರೂ ಇದ್ದಾರೆ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೇ ಕಟ್ಟಿ ನಡೆಸುತ್ತಿದೆ. ತುಳುನಾಡಿನ ಮನೆಗಳಿಗೆ ಹೊಸ ವರ್ಷ ಏಪ್ರಿಲ್‌ನ ಬಿಸುವಾದರೂ, ಬಿಜಾಪುರ-ಧಾರವಾಡದ ಕಡೆಯವರ ಯುಗಾದಿ ಮತ್ತು ನೆರೆಮನೆಯವರ ಪಾಡ್ವ ಒಂದೇ ದಿನ ಬರುತ್ತವೆ. ಯಕ್ಷಗಾನದ ವೇಷ, ಹುಲಿಕುಣಿತ, ಡೊಳ್ಳು ಇವೆಲ್ಲ ಬೀದಿಗೆ ಒಪ್ಪುವ ಕಲೆಗಳು; ವರ್ಷವಿಡೀ ಸಭಾಗೃಹದೊಳಗೇ ಉಳಿಯಬೇಕಾಗಿಲ್ಲ. ಸಂಘಗಳ ಮಹಿಳಾ ವಿಭಾಗ, ಯುವ ವಿಭಾಗಗಳು ಈಗಿನಿಂದಲೇ ತಯಾರಿ ಆರಂಭಿಸಲಿ. ಮುಂದಿನ ಯುಗಾದಿಗೆ ಮಕ್ಕಳನ್ನೂ ಕರೆದುಕೊಂಡು ಎಲ್ಲರೂ ಫಡ್ಕೆ ರಸ್ತೆಗೆ ಬನ್ನಿ.