ಬೆಂಕಿ ಆರಿಸೋಕೆ ರಸೀದಿ ಕೇಳಿದ ಕತೆ

ಮೊನ್ನೆ ಟೀ ಅಂಗಡಿ ಹತ್ರ ಓದಿದ ಹುಡುಗನೊಬ್ಬ ವಾದ ಮಾಡ್ತಿದ್ದ: "ಯಾರಿಗೆ ಬೇಕೋ ಅವರು ಫೀಸ್ ಕಟ್ಟಿ ಸೇವೆ ತಗೊಳ್ಲಿ. ಎಲ್ಲದಕ್ಕೂ ನನ್ನ ತೆರಿಗೆ ಯಾಕಣ್ಣ?" ಶಾಲೆ, ಆಸ್ಪತ್ರೆ, ನೀರು, ಎಲ್ಲದರ ಬಗ್ಗೆಯೂ ಈಗ ಇದೇ ಮಾತು. ಗೆಳೆಯರೇ, ಇದು ಹೊಸ ಐಡಿಯಾ ಅಲ್ಲ. ಬೆಂಕಿ ಆರಿಸೋ ಕೆಲಸದಲ್ಲಿ ಇದನ್ನ ಮಾಡಿ ನೋಡಿ ಆಗಿದೆ.

1666ರಲ್ಲಿ ಲಂಡನ್ ಸುಟ್ಟುಹೋಯ್ತು. 13 ಸಾವಿರಕ್ಕೂ ಹೆಚ್ಚು ಮನೆ ಬೂದಿ. ಆಮೇಲೆ ಹುಟ್ಟಿದ ವಿಮಾ ಕಂಪನಿಗಳು ತಮ್ಮದೇ ಅಗ್ನಿಶಾಮಕ ದಳ ಕಟ್ಟಿದವು. ದುಡ್ಡು ಕಟ್ಟಿದವರ ಗೋಡೆಗೆ ಕಂಪನಿಯ ಲೋಹದ ಫಲಕ ಬಡೀತಿದ್ರು. ಫಲಕ ಇಲ್ಲದ ಮನೆ ಉರೀತಿದ್ರೆ ಸುಮ್ಮನೆ ನಿಂತು ನೋಡ್ತಿದ್ರು ಅಂತ ಒಂದು ಕತೆ ಇದೆ. ಅದಕ್ಕೆ ಗಟ್ಟಿ ಸಾಕ್ಷಿ ಇಲ್ಲ, ನಾನು ಅದನ್ನ ನಂಬ್ಕೊಂಡು ವಾದ ಮಾಡಲ್ಲ. ಸಾಕ್ಷಿ ಇರೋದು ಮುಂದಿನದಕ್ಕೆ. 1833ರಲ್ಲಿ ಕಂಪನಿಗಳು ದಳಗಳನ್ನ ಒಂದುಗೂಡಿಸಿದವು. 1861ರ ಜೂನ್‌ನಲ್ಲಿ ಥೇಮ್ಸ್ ದಂಡೆಯ ಟೂಲಿ ಸ್ಟ್ರೀಟ್ ಗೋದಾಮುಗಳಿಗೆ ಬೆಂಕಿ ಬಿತ್ತು. ದಳದ ಮುಖ್ಯಸ್ಥ ಜೇಮ್ಸ್ ಬ್ರೈಡ್‌ವುಡ್ ಗೋಡೆ ಕುಸಿದು ಸತ್ತ. ಕಂಪನಿಗಳಿಗೆ ಭಾರೀ ನಷ್ಟ. ಆಗ "ನಮ್ಮ ಕೈಲಾಗಲ್ಲ, ಸರ್ಕಾರವೇ ನೋಡ್ಕೊಳ್ಲಿ" ಅಂದ್ರು. 1865ರಲ್ಲಿ ಕಾನೂನು ಬಂತು, 1866ರಿಂದ ಸಾರ್ವಜನಿಕ ದಳ ಶುರುವಾಯ್ತು. ಖರ್ಚಿಗೆ ಸ್ಥಳೀಯ ತೆರಿಗೆ, ಸರ್ಕಾರದ ಹಣ, ಕಂಪನಿಗಳದ್ದೂ ಒಂದು ಪಾಲು. ಲಾಭ ಇರೋವರೆಗೆ ಖಾಸಗಿ, ನಷ್ಟ ಬಂದಾಗ ಸಾರ್ವಜನಿಕ!

ಇದು ಹಳೇ ಕಾಲ ಅಂತೀರಾ? 2010ರ ಸೆಪ್ಟೆಂಬರ್, ಅಮೆರಿಕದ ಟೆನೆಸೀ ರಾಜ್ಯ. ಸೌತ್ ಫುಲ್ಟನ್ ಪಟ್ಟಣದ ಗಡಿಯಾಚೆಯ ಹಳ್ಳಿಯವರು ಫೈರ್ ಸರ್ವೀಸ್ ಬೇಕಂದ್ರೆ ವರ್ಷಕ್ಕೆ 75 ಡಾಲರ್ ಕಟ್ಟಬೇಕಿತ್ತು. ಒಂದು ಕುಟುಂಬ ಕಟ್ಟಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ "ಎಷ್ಟಾದ್ರೂ ಕೊಡ್ತೀವಿ ಬನ್ನಿ" ಅಂತ ಬೇಡಿಕೊಂಡ್ರು. ಫೈರ್ ಎಂಜಿನ್ ಬಂತು, ಆದ್ರೆ ಫೀಸ್ ಕಟ್ಟಿದ್ದ ಪಕ್ಕದವರ ಜಾಗ ಉಳಿಸೋಕೆ. ಇವರ ಮನೆ ಪೂರ್ತಿ ಸುಟ್ಟುಹೋಯ್ತು. ಸಾಕಿದ ನಾಯಿ, ಬೆಕ್ಕೂ ಸತ್ತವು.

ಪಟ್ಟಣದವರ ಮಾತಲ್ಲೂ ನ್ಯಾಯ ಇದೆ: ಬೆಂಕಿ ಬಿದ್ದ ದಿನ ಕಟ್ಟಿದ್ರೆ ಸಾಕು ಅಂದ್ರೆ ಮುಂಚೆ ಯಾರು ಕಟ್ತಾರೆ? ದಳ ನಡೆಯೋದು ಹೇಗೆ? ಸರಿ. ಅದಕ್ಕೇ ಅಲ್ವಾ ಎಲ್ಲರೂ ಮೊದಲೇ ಸ್ವಲ್ಪ ಸ್ವಲ್ಪ ಕಟ್ಟೋದು, ಅದಕ್ಕೆ ತೆರಿಗೆ ಅನ್ನೋದು?

ನಮಗಂತೂ ಈ ಪ್ರಶ್ನೆ ಇನ್ನೂ ಆಳದ್ದು. 1923ರಲ್ಲಿ ಬಾಂಬೆ ವಿಧಾನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆ ಅವರ ನಿರ್ಣಯ ಪಾಸಾಯ್ತು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ನಡೆಸುವ ಕೆರೆ, ಬಾವಿ, ಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಮಹಾಡ್ ಪುರಸಭೆಯೂ ಕೆರೆ ತೆರೆದಿದೆ ಅಂತ ಕಾಗದದಲ್ಲಿ ಬರೀತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ಹೋಗಿ ಚವದಾರ್ ಕೆರೆ ನೀರು ಕುಡಿದ್ರು. ಸವರ್ಣರು ಕೋರ್ಟಿಗೆ ಹೋದಾಗ ಹೂಡಿದ ವಾದ ಏನು ಗೊತ್ತಾ? ಕೆರೆ ಸಾರ್ವಜನಿಕ ಅಲ್ಲ, ಖಾಸಗಿ! ಹತ್ತು ವರ್ಷ ಕೇಸು ನಡೀತು. 1937ರಲ್ಲಿ ಹೈಕೋರ್ಟಿನಲ್ಲಿ ಬಾಬಾಸಾಹೇಬರು ಗೆದ್ದರು.

ಇದನ್ನ ಮರೀಬೇಡಿ. ತೆರಿಗೆಯಿಂದ ನಡೆಯೋದನ್ನ ನಾವು ಹಕ್ಕಿನಿಂದ ಕೇಳಬಹುದು. ಚಂದಾದಿಂದ ನಡೆಯೋದನ್ನ ಕೊಡೋದು ಬಿಡೋದು ಅವರಿಷ್ಟ.

ತೆರಿಗೆ ಇದ್ದ ಮಾತ್ರಕ್ಕೆ ಫೈರ್ ಎಂಜಿನ್ ನಮ್ಮ ಕೇರಿಗೆ ಬಂದುಬಿಡುತ್ತೆ ಅಂತ ನಾನು ಹೇಳ್ತಿಲ್ಲ. ಎಷ್ಟೋ ಕೇರಿ, ಸ್ಲಮ್ಮುಗಳ ಗಲ್ಲಿಯೊಳಗೆ ಅದು ನುಗ್ಗೋಕೇ ಜಾಗ ಇಲ್ಲ. ಆದರೆ ಸಂವಿಧಾನದ 12ನೇ ಅನುಸೂಚಿಯಲ್ಲಿ ಪುರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಅಗ್ನಿಶಾಮಕ ಸೇವೆಯೂ ಇದೆ. ರಸ್ತೆ ಅಗಲ ಮಾಡಿ, ಹತ್ತಿರ ಠಾಣೆ ಕೊಡಿ ಅಂತ ಅರ್ಜಿ ಹಾಕೋಕೆ, ಧರಣಿ ಕೂರೋಕೆ ನಮಗೊಂದು ಬಾಗಿಲಿದೆ. ಫೀಸ್ ವ್ಯವಸ್ಥೆಯಲ್ಲಿ ಆ ಬಾಗಿಲೇ ಇಲ್ಲ, ಬರೀ ಕೌಂಟರ್ ಇದೆ.

"ಬಡವರು ಎಲ್ಲಿ ತೆರಿಗೆ ಕಟ್ತಾರೆ?" ಅನ್ನೋರಿಗೆ ಹೇಳಿ: ಒಲೆ ಹಚ್ಚೋ ಬೆಂಕಿಪೊಟ್ಟಣಕ್ಕೂ ನಮ್ಮವ್ವಂದಿರು ತೆರಿಗೆ ಕಟ್ತಾರೆ. ಅದೇ ಬೆಂಕಿ ಗುಡಿಸಲಿಗೆ ಹತ್ತಿದಾಗ ರಸೀದಿ ತೋರಿಸು ಅನ್ನೋ ಕಾಲ ಬರೋದು ಬೇಡ.

ಜೈ ಭೀಮ್.